ಹಂಪಣ್ಣನ ಟವೆಲ್ಲು, ನಾಗವೇಣಿಯ ಸರ್ವರ್

ನಾಗವೇಣಿ ಯಾವ ಕೆಲಸಕ್ಕೆ ಕೈಹಾಕಿದರೂ ಒಂದು ಸಲಕ್ಕೆ ಒಂದನ್ನೇ ಮುಟ್ಟುವವಳು. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆ ಅಂದರೆ ಮೊದಲು ಸೂಜಿ ಬದಲಿಸಿ ನೋಡುವಳು. ಸರಿಹೋಗದಿದ್ದರೆ ದಾರ, ಅದೂ ಅಲ್ಲವಾದರೆ ದಾರದ ಬಿಗಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಮಷಿನ್ನು ಸರಿಹೋದೀತು, ಆದರೆ ಕೆಟ್ಟಿದ್ದು ಯಾವುದು ಅಂತ ಯಾರಿಗೂ ತಿಳಿಯುವುದಿಲ್ಲ ಎನ್ನುವುದು ಅವಳ ವಾದ.

ಹುಟ್ಟಿದ್ದು ಮಡಕಶಿರಾ ಕಡೆಯ ರೊಳ್ಳದಲ್ಲಿ. ಅಲ್ಲಿಂದ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು, ಹೊಲಿಯುತ್ತಲೇ ಕಂಪ್ಯೂಟರ್ ಕಲಿತಳು, ಮದುವೆಯಾಗಿ ರಾಯದುರ್ಗಕ್ಕೆ ಬಂದಳು. ಇಲ್ಲಿ ಲಕ್ಷ್ಮಣಪ್ಪನವರ ಜೀನ್ಸ್ ಯೂನಿಟ್ಟಿನ ಸರ್ವರ್ ಅವಳ ಸುಪರ್ದಿಗೆ ಬಿತ್ತು. ಸರ್ವರ್ ಎಂದರೆ ದೊಡ್ಡದೇನಲ್ಲ. ಸಾವುಕಾರರ ಮೇಜಿನ ಹಿಂದೆ, ಮೂಲೆಯಲ್ಲಿ ಗುಂಯ್ ಅನ್ನುವ ಒಂದು ಕಪ್ಪು ಪೆಟ್ಟಿಗೆ. ಕತ್ತರಿಸಿದ ಯಾವ ತುಂಡು ಯಾವ ಥಾನಿನದು, ಅಂದರೆ ಬಟ್ಟೆಯ ಯಾವ ಸುರುಳಿಯದು ಅನ್ನುವುದೆಲ್ಲ ಅದರ ಡೇಟಾಬೇಸಿನಲ್ಲಿ ಇರುತ್ತಿತ್ತು. ಅದನ್ನು ನೋಡಿಕೊಂಡೇ ಪ್ರಿಂಟರ್ ಬಂಡಲ್ಲುಗಳಿಗೆ ಸ್ಟಿಕ್ಕರ್ ಕೊಡುತ್ತಿತ್ತು. ಸ್ಟಿಕ್ಕರ್ ಇಲ್ಲದೆ ಹೊಲಿದರೆ ಒಂದೇ ಪ್ಯಾಂಟಿಗೆ ಎರಡು ಥಾನಿನ ಕಾಲು ಕೂತುಬಿಡಬಹುದು. ಹೊಲಿಯುವಾಗ ಎರಡೂ ಒಂದೇ ನೀಲಿ. ವಾಷಿಂಗಿಗೆ ಹೋಗಿ ಬಂದ ಮೇಲೆ ಒಂದು ಕಾಲು ಮೋಡ, ಇನ್ನೊಂದು ಕಾಲು ಮಸಿ.

ಆವತ್ತು ಇದ್ದದ್ದು ಆರ್ಡರಿನ ಕಡೆಯ ಲಾಟು. ಅದು ವ್ಯಾನ್ ಹತ್ತಿದ ಮೇಲೆ ಲೈನ್ ನಿಲ್ಲಿಸಿ ಸಂಧ್ಯಾಳ ಕುಬಸ ಮಾಡಲು ಲಕ್ಷ್ಮಣಪ್ಪ ಒಪ್ಪಿದ್ದರು. ರೊಳ್ಳದ ಕಡೆ ಸೀಮಂತ ಅನ್ನುವುದನ್ನೇ ಇಲ್ಲಿ ಕುಬಸ ಅನ್ನುತ್ತಾರೆ. ಬಂಡಲ್ಲಿಗೆ ಸ್ಟಿಕ್ಕರ್ ಹಚ್ಚುವ ಸಂಧ್ಯಾ ತಾಯಿ ಇಲ್ಲದ ಹುಡುಗಿ. ಬೆಂಗಳೂರಿನಲ್ಲಿ ನಾಗವೇಣಿಯ ಜೊತೆ ಒಂದೇ ಕೋಣೆಯಲ್ಲಿದ್ದವಳು. ಅವಳ ಮದುವೆಯ ದಿನವೇ ನಾಗವೇಣಿ, "ನಿನ್ನ ಸೀಮಂತ ನಂದು ಕಣೆ, ನಾನೇ ಮಾಡ್ತೀನಿ" ಅಂದಿದ್ದಳು. ಬೆಳಿಗ್ಗೆಯೇ ಬಂದಿದ್ದ ಸಂಧ್ಯಾಳ ಅಜ್ಜಿ ನರಸಕ್ಕ ಸಂಜೆಯ ಬಸ್ಸಿಗೆ ಅವಳನ್ನು ಹೆರಿಗೆಗೆಂದು ರೊಳ್ಳಕ್ಕೆ ಕರೆದೊಯ್ಯುವವಳಿದ್ದಳು. ಹಸಿರು ಬಳೆ, ಉಡಿ ತುಂಬುವ ಅಕ್ಕಿ, ಕೊಬ್ಬರಿ ಎಲ್ಲ ಕಟಿಂಗ್ ಟೇಬಲ್ಲಿನ ಕೆಳಗೆ ಅಡಗಿ ಕೂತಿದ್ದವು. ಇಡೀ ಲೈನಿಗೆ ಗೊತ್ತು, ಸಂಧ್ಯಾಳೊಬ್ಬಳಿಗೆ ಗೊತ್ತಿಲ್ಲ.

ಬೆಳಿಗ್ಗೆ ನಾಗವೇಣಿ ಪ್ರಿಂಟ್ ಒತ್ತಿದಳು. ಸ್ಟಿಕ್ಕರ್ ಬರಲಿಲ್ಲ. ಡೇಟಾಬೇಸ್ ಸಿಗುತ್ತಿಲ್ಲ ಅಂತ ಪರದೆ ಹೇಳಿತು.

ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ವೈರುಗಳು ಸರಿಯಾಗಿ ಕೂತಿದ್ದವು. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಉಳಿದದ್ದೆಲ್ಲ ಓಡುತ್ತಿತ್ತು, ಡೇಟಾಬೇಸ್ ಒಂದು ಮಾತ್ರ ಏಳದು. ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮಲಗುವುದು.

"ಏನಾತ್ರಿ ನಾಗವೇಣಮ್ಮ?" ಕಟಿಂಗ್ ಮಾಸ್ತರ್ ಹಂಪಣ್ಣ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದ. ಫ್ಯಾನಿನ ಕೆಳಗೂ ಅವನು ಬೆವರುತ್ತಿದ್ದ.

"ಸರ್ವರ್ ಏಳ್ತಿಲ್ಲ ಮಾಸ್ತರೇ. ಬೆಳಿಗ್ಗೆ ಬಾಗಿಲು ತೆಗೆದೋರು ನೀವೇ ಅಲ್ವಾ? ಇದು ಆಫ್ ಆಗಿತ್ತಾ?"

ಹಂಪಣ್ಣ ಸಂಧ್ಯಾಳತ್ತ ನೋಡಿದ. ಅವಳು ಖಾಲಿ ಕೈಯಲ್ಲಿ ಪಕ್ಕದಲ್ಲೇ ಕೂತಿದ್ದಳು. ಅವನು ಛಾವಣಿ ನೋಡಿದ. "ನನಗೇನ್ ಗೊತ್ರಿ? ನಾನು ಬಟ್ಟಿ ಕೊಯ್ಯಾವ."

ಲಕ್ಷ್ಮಣಪ್ಪ ಕನ್ನಡಕ ಹಣೆಗೇರಿಸಿದರು. "ಫಾರ್ಮ್ಯಾಟ್ ಮಾಡಿಬಿಡವಾ. ನಮ್ಮ ಅಳಿಯನ ಲ್ಯಾಪ್‌ಟಾಪು ಹಂಗ ಸುದ್ದಾತು."

"ಸಾವ್ಕಾರ್ರೇ, ಫಾರ್ಮ್ಯಾಟ್ ಮಾಡಿದ್ರೆ ಪೆಟ್ಟಿಗೆ ಏಳುತ್ತೆ, ಅದರ ತಲೇಲಿ ಏನೂ ಇರಲ್ಲ. ಆಮೇಲೆ ಕತ್ತರಿಸಿಟ್ಟ ಕಾಲುಗಳನ್ನೆಲ್ಲ ನೀವೇ ಜೋಡಿ ಮಾಡ್ಬೇಕು."

ಅವರು ಕಟಿಂಗ್ ಟೇಬಲ್ಲಿನ ಮೇಲಿನ ರಾಶಿಯನ್ನೊಮ್ಮೆ ನೋಡಿ ಕನ್ನಡಕ ಇಳಿಸಿಕೊಂಡರು. "ಸಂಜಿಕ ಲಾಟು ಹೋಗಬೇಕು ನೋಡು. ಹೋಗಲಿಲ್ಲ ಅಂದ್ರ ಲೈನ್ ನಿಲ್ಲಂಗಿಲ್ಲ. ಆ ಇನ್ನೊಂದು ಕೆಲಸನೂ..." ಎಂದವರು ಸಂಧ್ಯಾಳನ್ನು ಕಂಡು ಕೆಮ್ಮಿದರು.

ನಾಗವೇಣಿ ಬಳ್ಳಾರಿಗೆ ಫೋನ್ ಮಾಡಿದಳು. ಪ್ರೋಗ್ರಾಮ್ ಹಾಕಿಕೊಟ್ಟಿದ್ದ ಚೌಡೇಶ್ ಓಬಳಾಪುರ ದಾಟಿ ಬೈಕಿನಲ್ಲಿ ಇನ್ನೆಲ್ಲಿಗೋ ಹೊರಟಿದ್ದ. ಗಾಡಿ ನಿಲ್ಲಿಸಿದ.

"ಅಕ್ಕಾ, ಏನೂ ಅಳಿಸಬ್ಯಾಡ್ರಿ. ಮೊದಲು ಡೇಟಾ ಫೋಲ್ಡರ್ ಪೂರ್ತಿ ಹೊರಗ ಕಾಪಿ ಮಾಡ್ಕೊಳ್ರಿ. ಆಮ್ಯಾಲ ಅದು ಬೀಳೋ ಮುಂದ ಏನು ಬರದೈತಿ, ಓದಿ ಹೇಳ್ರಿ."

ಕಾಪಿ ಆಗತೊಡಗಿತು. ನರಸಕ್ಕ ಬಾಗಿಲಲ್ಲಿ ಎಲೆ ಅಡಿಕೆ ಕುಟ್ಟುತ್ತ, "ಏನಮ್ಮಿ ನಾಗೂ, ಅದಕ್ಕೂ ಬಸುರಿ ಸಂಕ್ಟವಾ? ಬೆಳಿಗ್ಗೆಯಿಂದ ಎದ್ದೆ ಅನ್ನುತ್ತೆ, ಮನಿಕ್ಕಂತೈತೆ" ಅಂದಳು. ಹೊಲಿಗೆ ಲೈನೆಲ್ಲ ನಕ್ಕಿತು.

ಲಾಗ್ ಫೈಲಿನ ಕೊನೆಯ ಸಾಲನ್ನು ನಾಗವೇಣಿ ಫೋನಿಗೆ ಓದಿದಳು. ಬೀಗದ ಫೈಲ್ ಒಂದು ಮೊದಲೇ ಇದೆ, ಅದರಲ್ಲಿರುವ ನಂಬರಿನ ಪ್ರೋಗ್ರಾಮ್ ಇನ್ನೂ ಓಡುತ್ತಿದೆ, ಅದಕ್ಕೆ ನಾನು ಏಳಲಾರೆ ಅಂತ ಡೇಟಾಬೇಸ್ ಬರೆದಿತ್ತು.

"ಹಂಗಂದ್ರೇನು?" ಲಕ್ಷ್ಮಣಪ್ಪ ಕೇಳಿದರು.

ನಾಗವೇಣಿ ಹಂಪಣ್ಣನ ಹೆಗಲು ತೋರಿಸಿದಳು. "ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡಿಯಲ್ವಾ ಸಾವ್ಕಾರ್ರೇ, ಹಂಗೆ. ಏಳೋ ಪ್ರತಿ ಪ್ರೋಗ್ರಾಮಿಗೂ ಪೆಟ್ಟಿಗೆ ಹೊಸದಾಗಿ ಒಂದು ನಂಬರ್ ಕೊಡುತ್ತೆ. ಡೇಟಾಬೇಸ್ ಏಳುವಾಗ ಆ ನಂಬರ್ ಬರೆದ ಒಂದು ಟವೆಲ್ ಹಾಕುತ್ತೆ. ಸರಿಯಾಗಿ ಆಫ್ ಮಾಡಿದ್ರೆ ಟವೆಲ್ ತಗೊಂಡು ಇಳಿಯುತ್ತೆ. ಕರೆಂಟ್ ಫಟ್ ಅಂತ ಹೋದ್ರೆ ಟವೆಲ್ ಬಿಟ್ಟು ಇಳಿದಂಗೆ. ಈಗ ಬಂದು, ಯಾರದೋ ಟವೆಲ್ ಐತೆ, ನಾನು ಕೂರಲ್ಲ ಅಂತಿದೆ."

"ಅದರದ ಟವೆಲ್ಲು, ಅದಕ್ಕ ಗುರುತಿಲ್ಲೇನು? ತಗದು ಒಗಿ ಅತ್ತಾಗ!"

"ತೆಗೀಬಹುದು. ಆದ್ರೆ ಅದರ ಯಜಮಾನ ಕೆಳಗೆ ಚಾ ಕುಡೀತಾ ನಿಂತಿದ್ರೆ? ಇಬ್ರೂ ಒಂದೇ ಸೀಟಲ್ಲಿ ಕೂತ್ರೆ ಲೆಕ್ಕವೆಲ್ಲ ಕಲಸಿಹೋಗುತ್ತೆ. ಆ ನಂಬರ್ ಈಗ ಯಾರ ಹತ್ರ ಐತೆ, ಮೊದಲು ನೋಡ್ಬೇಕು."

"ಅದ ನೋಡ್ರಿ ಅಕ್ಕಾ," ಅಂದ ಫೋನಿನಲ್ಲಿ ಚೌಡೇಶ್.

ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ಪರದೆಯ ಮೇಲೆ ಬಂತು. ನಾಗವೇಣಿ ಬೆರಳಿಟ್ಟು ಒಂದೊಂದೇ ನಂಬರ್ ಇಳಿದಳು. ಬೆರಳು ನಿಂತಿತು. ಆ ನಂಬರಿನಲ್ಲಿ ಕೂತಿದ್ದದ್ದು ಡೇಟಾಬೇಸ್ ಅಲ್ಲ, ಹಾಡು ಹಾಕುವ ಪ್ರೋಗ್ರಾಮ್. ಪಕ್ಕದಲ್ಲಿ ಅದು ತೆರೆದಿಟ್ಟುಕೊಂಡಿದ್ದ ಫೈಲಿನ ಹೆಸರೂ ಇತ್ತು.

ಹೆಗಲ ಹಿಂದಿನಿಂದ ಸಂಧ್ಯಾ ಅದನ್ನು ಗಟ್ಟಿಯಾಗಿ ಓದಿದಳು. "ಸಂಧ್ಯಾ ಕುಬಸ ಹಾಡುಗಳು."

ಹಿಂದಿನ ದಿನ ಸ್ಟಿಕ್ಕರ್ ಹಚ್ಚಿದ ಬಂಡಲ್ಲು ಹೊಲಿಯುತ್ತಿದ್ದ ಮಷಿನ್ನುಗಳೆಲ್ಲ ಒಮ್ಮೆಲೇ ನಿಂತವು.

"ಮಾಸ್ತರೇ," ಅಂದಳು ನಾಗವೇಣಿ, ತಿರುಗದೆಯೇ.

ಹಂಪಣ್ಣ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ. "ನಾನರ ಹೆಂಗ ಹೇಳಬೇಕಿತ್ತವಾ? ಆಕಿ ಎದುರಿಗೇ ಕೂತಾಳ! ಹಾಡು ಇದರಾಗ ತುಂಬಿದ್ದೆ. ಸೀರಿಯಲ್ ಬಲ್ಬು, ಹಾಡಿನ ಬಾಕ್ಸು ಎರಡೂ ಹತ್ತತಾವಿಲ್ಲೋ ಅಂತ ಮುಂಜಾನಿ ನೋಡಿದೆ. ಕರೆಂಟ್ ಹೋದ್ರೂ ಹಾಡು ನಿಂದರಬಾರದಂತ ಇದರ ಯುಪಿಎಸ್ ಬ್ಯಾಟರಿಗೇ ಚುಚ್ಚಿದೆ. ಕುಂಯ್ ಅಂದು ಎಲ್ಲಾ ಆರಿಬಿಡ್ತು. ಎಲ್ಲಾ ಕಿತ್ತು ಮತ್ತ ಆನ್ ಮಾಡಿದೆ. ಗುಂಯ್ ಅಂತು, ಬದುಕಿದೆ ಅನಕೊಂಡೆ."

"ಪೆಟ್ಟಿಗೆ ಎದ್ದ ಕೂಡಲೇ ಹಾಡು ತಾನಾಗೇ ಶುರುವಾಗೋ ಹಂಗೆ ಇಟ್ಟಿದ್ರಾ?"

"ಹೌದ್ರಿ. ಹೊತ್ತಿಗೆ ಕೈ ಕೊಡಬಾರದಂತ. ದನಿ ಮಾತ್ರ ಬಂದ್ ಮಾಡಿದ್ದೆ."

ಈಗ ಎಲ್ಲ ಒಂದರ ಹಿಂದೊಂದು ಕೂತುಕೊಂಡಿತು. ಯುಪಿಎಸ್‌ಗೆ ಭಾರ ಹೆಚ್ಚಾಗಿ ಪೆಟ್ಟಿಗೆ ಆರಿತು. ಡೇಟಾಬೇಸಿನ ಟವೆಲ್ಲು ಸೀಟಿನಲ್ಲೇ ಉಳಿಯಿತು. ಮತ್ತೆ ಆನ್ ಆದಾಗ ಹಾಡಿನ ಪ್ರೋಗ್ರಾಮ್ ಮೊದಲು ಎದ್ದು, ಆಕಸ್ಮಿಕವಾಗಿ ಅದೇ ಹಳೆಯ ನಂಬರನ್ನು ಪಡೆದು ಕೂತಿತ್ತು.

ಚೌಡೇಶ್ ಫೋನಿನಲ್ಲಿ ನಕ್ಕು ನಕ್ಕು ಕೆಮ್ಮಿದ. "ಇಂಥಾ ಕೇಸು ನಾನೂ ನೋಡಿಲ್ಲಕ್ಕಾ. ಹಾಡು ಬಂದ್ ಮಾಡ್ರಿ, ಬೀಗದ ಫೈಲ್ ತಗೀರಿ."

ನಾಗವೇಣಿ ಹಾಡಿನ ಪ್ರೋಗ್ರಾಮ್ ಮುಚ್ಚಿದಳು. ಬೇರೆ ಎಲ್ಲೂ ಡೇಟಾಬೇಸ್ ಓಡುತ್ತಿಲ್ಲವೆಂದು ಪಟ್ಟಿಯನ್ನು ಇನ್ನೊಮ್ಮೆ ನೋಡಿದಳು. ಬೀಗದ ಫೈಲನ್ನು ಅಳಿಸಲಿಲ್ಲ, ಹೆಸರು ಬದಲಿಸಿ ಪಕ್ಕಕ್ಕಿಟ್ಟಳು. ಡೇಟಾಬೇಸನ್ನು ಎಬ್ಬಿಸಿದಳು. ಅರ್ಧಕ್ಕೆ ನಿಂತುಹೋದ ಕೆಲಸಗಳನ್ನು ಸರಿಪಡಿಸಿಕೊಳ್ಳುತ್ತಿದ್ದೇನೆ ಅಂತ ಒಂದು ಸಾಲು ಬಂತು. ಅದರ ಕೆಳಗೆ ತುಸು ಹೊತ್ತು ಏನೂ ಇಲ್ಲ. ಅವಳ ಕೈ ಸೆರಗಿನ ಅಂಚನ್ನು ಮಡಚುತ್ತಿತ್ತು. ಆಮೇಲೆ ಇನ್ನೊಂದು ಸಾಲು: ಸಿದ್ಧ.

ಪ್ರಿಂಟರ್ ಕಿರ್ರ್ ಅಂತು. ಮೊದಲ ಸ್ಟಿಕ್ಕರ್ ನಾಲಿಗೆಯಂತೆ ಹೊರಚಾಚಿತು.

ಅದನ್ನು ಹರಿದು ಕೊಡುವಾಗ ನಾಗವೇಣಿ ಸಂಧ್ಯಾಳ ಮುಖ ನೋಡಿದಳು. ಹುಡುಗಿಯ ಕಣ್ಣು ತುಂಬಿತ್ತು.

"ಇಷ್ಟು ದಿನ ಎಲ್ಲಾರೂ ಸೇರಿ ನನ್ನ ಹತ್ರ ಮುಚ್ಚಿಟ್ಟಿದ್ರಾ ಅಕ್ಕಾ?"

"ಅಳೋದು ಆಮೇಲೆ ಅಳುವಂತೆ. ಮೊದಲು ಸ್ಟಿಕ್ಕರ್ ಹಚ್ಚೇ."

ಸಂಧ್ಯಾ ಮೂಗೊರೆಸಿಕೊಂಡು ನಗುತ್ತ ಹಚ್ಚಿದಳು. ಆವತ್ತು ಲೈನ್ ಓಡಿದ ಹಾಗೆ ಎಂದೂ ಓಡಿರಲಿಲ್ಲ. ಲಾಟು ಒಯ್ಯಲು ವಾಷಿಂಗ್ ಯೂನಿಟ್ಟಿನ ವ್ಯಾನ್ ತಂದವನು ಸಂಧ್ಯಾಳ ಗಂಡ ನವೀನನೇ. ಅವನ ಕೈಯಲ್ಲಿ ಹೂವಿನ ಪೊಟ್ಟಣವಿತ್ತು.

ವ್ಯಾನಿಗೆ ಕಡೆಯ ಬಂಡಲ್ ಏರಿದೊಡನೆ ಸಂಧ್ಯಾಳನ್ನು ಕಟಿಂಗ್ ಟೇಬಲ್ಲಿನ ಮುಂದೆ ಕೂರಿಸಿದರು. ನಾಗವೇಣಿ ತಾಯಿಯ ಜಾಗದಲ್ಲಿ ನಿಂತು ಅರಿಶಿನ ಹಚ್ಚಿ, ಬಳೆ ತೊಡಿಸಿ, ಉಡಿ ತುಂಬಿದಳು. ಬಲ್ಬುಗಳು ಗೋಡೆಯ ಪ್ಲಗ್ಗಿನಿಂದ ಮಿನುಗಿದವು. ಹಾಡಿನ ಬಾಕ್ಸನ್ನು ಮುಟ್ಟಲು ಹಂಪಣ್ಣನಿಗೆ ಧೈರ್ಯ ಬರಲಿಲ್ಲ.

"ಬುಡ್ರಪ್ಪ ಆ ಡಬ್ಬ," ಅಂದಳು ನರಸಕ್ಕ. ಎಲೆ ಅಡಿಕೆ ಉಗಿದು ಬಂದು, ಸೆರಗು ಬಿಗಿದು, ಸೋಬಾನೆಯ ಮೊದಲ ಸೊಲ್ಲು ಎತ್ತಿಕೊಂಡಳು. ಲೈನಿಗೆ ಲೈನೇ ದನಿಗೂಡಿಸಿತು. ತೆಲುಗು ಮನೆಮಾತಿನವರು ಅದೇ ಧಾಟಿಗೆ ತಮ್ಮ ಹಾಡು ಸೇರಿಸಿದರು. ಲಕ್ಷ್ಮಣಪ್ಪ ಮೇಜಿನ ಮೇಲೆ ತಾಳ ಹಾಕುತ್ತಿದ್ದರು.

ಸಂಜೆ ಮಡಕಶಿರಾ ಬಸ್ಸು ಬಂದು ನಿಲ್ಲುವಷ್ಟರಲ್ಲಿ ಜನ ಮುತ್ತಿಕೊಂಡರು. ಹಂಪಣ್ಣ ಓಡಿಹೋಗಿ ಕಿಟಕಿಯೊಳಗೆ ಟವೆಲ್ ಎಸೆದು ಅಜ್ಜಿ, ಮೊಮ್ಮಗಳಿಗೆ ಸೀಟು ಹಿಡಿದ. ಹಸಿರು ಬಳೆ ಘಲ್ಲೆನಿಸುತ್ತ ಸಂಧ್ಯಾ ನಿಧಾನವಾಗಿ ಹತ್ತಿ ಕೂತಳು. ನಾಗವೇಣಿ ಕಿಟಕಿಯ ಸರಳಿನೊಳಗಿಂದ ಅವಳ ಕೈ ಹಿಡಿದುಕೊಂಡಳು. ಬಸ್ಸು ಮುಂದಕ್ಕೆ ಸರಿಯುವವರೆಗೂ ಬಿಡಲಿಲ್ಲ.

ಬಸ್ಸು ತಿರುವಿಗೆ ಬಂದಾಗ ನಾಗವೇಣಿಗೆ ನೆನಪಾಯಿತು. "ಮಾಸ್ತರೇ, ನಿಮ್ಮ ಟವೆಲ್ಲು?"

ಹಂಪಣ್ಣ ಹೆಗಲು ಮುಟ್ಟಿ ನೋಡಿಕೊಂಡ. ಅಷ್ಟರಲ್ಲಿ ದೂರದ ಕಿಟಕಿಯಿಂದ ನರಸಕ್ಕನ ಕೈ ಹೊರಬಂತು. ಆ ಕೈ ಟವೆಲ್ಲನ್ನು ಬಾವುಟದಂತೆ ಬೀಸುತ್ತಿತ್ತು.