ಮೇಣದ ಡಬ್ಬಿ, ಕೊಬ್ಬಿನ ಬಾಲ

ಆಗ ನನಗ ಎಪ್ಪತ್ತೊಂದು. ಅದಾಗಿ ಮೂರು ವರ್ಷ ಆತು. ನನಗ ಬರೂದು ಸಹಿ ಮತ್ತ ಬಸ್ಸಿನ ಬೋರ್ಡು, ಅಷ್ಟ. ಆದರ ಕ್ಯಾನ್ಸರಿನ ಒಂದು ಔಷಧಿ ಯಾಕ ಸೋತಿತು ಅನ್ನೋದು ಗೊತ್ತದ.

ಮಗಳ ಮಗಳಿಗಿ ಶಹಾಪುರದ ಒಂದು ಕಾಲೇಜಿನ್ಯಾಗ ಪಾಠ ಹೇಳೋ ನೌಕರಿ ಬೇಕಾಗಿತ್ತು. ಮರುದಿನ ದೊಡ್ಡ ಮಾಸ್ತರರ ಮುಂದ ಒಂದು ಪಾಠ ಮಾಡಿ ತೋರಿಸಬೇಕು. ಇದಕ್ಕ ಮೊದಲ ಎರಡು ಕಾಲೇಜಿನವರು "ನೀ ಹೇಳೋದು ಯಾರಿಗೂ ತಿಳಿಯಂಗಿಲ್ಲವ್ವ" ಅಂತ ಕಳಿಸಿದ್ದರು. ನಮ್ಮೂರು ದೋರನಹಳ್ಳಿಗಿ ಬಂದು, ನಾ ರೊಟ್ಟಿ ಬಡಿಯೂಮುಂದ ಎದುರಿಗಿ ಕುಂತು ಪಾಠ ಶುರು ಮಾಡಿದಳು. ನಾಕು ರೊಟ್ಟಿ ಆದ್ರೂ ನನಗ ಒಂದು ಮಾತು ತಿಳೀಲಿಲ್ಲ.

"ಮನುಷ್ಯಾರಿಗಿ ಹೇಳಿದಂಗ ಹೇಳು," ಅಂದೆ.

"ಆಯಿ, ನಮ್ಮ ಮೈಯಾಗಿನ ಒಂದೊಂದು ಜೀವಕೋಶಕ್ಕೂ ಕೊಬ್ಬಿನ ಪೊರಿ ಇರ್ತದ. 'ಬೆಳಿ' ಅಂತ ಹೇಳೋ ಪ್ರೋಟೀನು ಆ ಪೊರಿಗಿ ಅಂಟಿಕೊಂಡ್ರ ಮಾತ್ರ ಕೆಲಸ ಮಾಡ್ತದ. ತಾನಾಗಿ ಅಂಟಂಗಿಲ್ಲ, ಅದಕ್ಕೊಂದು ಕೊಬ್ಬಿನ ಬಾಲ ಹಚ್ಚಬೇಕು. ಪ್ರೋಟೀನು ಕೆಟ್ಟಿತು ಅಂದ್ರ 'ಬೆಳಿ, ಬೆಳಿ' ಅಂತನ ಇರ್ತದ, ಕ್ಯಾನ್ಸರಿನ ಗಂಟು ಆಗ್ತದ. ಬಾಲ ಹಚ್ಚೋದನ್ನ ತಡಿಯೋ ಔಷಧಿ ನನ್ನ ಪಾಠ."

"ಕುಂಕುಮ ಇದ್ದಂಗ ಅನ್ನು ಮತ್ತ," ಅಂದೆ.

ನಮ್ಮಲ್ಲಿ ಹಣಿಗಿ ಮೊದಲ ಮೇಣ ಒತ್ತತೀವಿ, ಅದರ ಮ್ಯಾಲ ಕುಂಕುಮ. ಮೇಣ ಇಲ್ಲಂದ್ರ ಪುಡಿ ಉದುರಿ ಗಂಗಾಳದಾಗಿನ ಅನ್ನದಾಗ ಬೀಳ್ತದ.

ಹುಡುಗಿ ಎದ್ದು ಹೋಗಿ ನನ್ನ ಮೇಣದ ಡಬ್ಬಿ ತಂದು ದುಪಟ್ಟಾದಾಗ ಮುಚ್ಚಿಕೊಂಡಳು. ನನ್ನ ಹಣಿ ಒರಸಿ, "ನಾ ಔಷಧಿ. ಈಗ ಕುಂಕುಮ ಇಟ್ಕೋ ನೋಡಮು," ಅಂದಳು.

ನಾ ಸೋಲಾಕಿ ಅಲ್ಲ. ತುಪ್ಪದ ಗಡಗ್ಯಾಗ ಬೆರಳು ಅದ್ದಿ ಹಣಿಗಿ ಸವರಿ ಕುಂಕುಮ ಒತ್ತಿದೆ. ನಿಂತಿತು.

"ಇದು ಮೋಸ, ಆಯಿ."

"ಡಬ್ಬಿ ಕಸಗೊಂಡಾಕಿ ನೀ, ಮೋಸ ನಂದೇನು? ಮನ್ಯಾಗ ತುಪ್ಪ ಇಲ್ಲೇನು?"

ಜಗಳಕ್ಕ ಬಾಯಿ ತೆಗದಾಕಿ ಬಗ್ಗಿ ನನ್ನ ಹಣಿ ಮ್ಯಾಲಿನ ಕುಂಕುಮ ಮುಟ್ಟಿ ನೋಡಿದಳು. ಆಮ್ಯಾಲ ಮೆಲ್ಲಕ ಅಂದಳು: "ಔಷಧಿ ಸೋತದ್ದೂ ಹಿಂಗ. ಒಂದು ಬಾಲ ತಡದ್ರ, ಕೋಶ ಬ್ಯಾರೆ ಬಾಲ ಹಚ್ಚಿಕೊಂಡಿತು."

"ನಿಮ್ಮ ಶಾಣ್ಯಾರು ಮೊದಲ ಒಂದು ಮುದುಕಿನ್ನ ಕೇಳಬಾರದಿತ್ತೇನು?"

ಅಷ್ಟರಾಗ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿತ್ತು. ಅದನ್ನ ಆಕಿಗೇ ತಿನಿಸಿದೆ.

ಮರುದಿನ ಮೇಣ, ಕುಂಕುಮ, ತುಪ್ಪ ಎಲ್ಲಾ ಕಟ್ಟಿಕೊಂಡು ಹೋದಳು. ಸಂಜಿಕಿ ಬಂದು ಹೇಳಿದಳು: ದೊಡ್ಡ ಮಾಸ್ತರರು ಎದ್ದು ಬಂದು ತಮ್ಮ ಹಣಿಗೇ ಹಚ್ಚಿಸಿಕೊಂಡು ನೋಡಿದರಂತ. ಬೋಳು ತಲಿ, ದೊಡ್ಡ ಹಣಿ. ಹಿಂದಿನ ಬೆಂಚಿನವರಿಗೂ ಕಂಡಿತಂತ. ನೌಕರಿ ಸಿಕ್ಕಿತು. ಮೇಣದ ಡಬ್ಬಿ ಅವರ ಮೇಜಿನ ಮ್ಯಾಲೇ ಮರತು ಬಂದಿದ್ದಳು.

ಮರುದಿನ ಮುಂಜಾನಿ ಹಣಿಗಿ ತುಪ್ಪ ಸವರಿ, ಕುಂಕುಮ ಇಟ್ಟುಕೊಂಡು, ಜ್ವಾಳ ಹೊತ್ತು ಗಿರಣಿಗಿ ಹೋದೆ.