ಬುಡು ಎಂದವನು

ಮೊನ್ನೆ ನಮ್ಮ ಬೀದಿಯ ಚರಂಡಿಯ ಹೂಳು ಎತ್ತಿದರು. ಹೋಗುವಾಗ ಚರಂಡಿಯ ಅಂಚಿಗೆ ಉದ್ದಕ್ಕೂ ಸುಣ್ಣದ ಪುಡಿ ಚೆಲ್ಲಿಹೋದರು. ವಿದ್ಯಾರಣ್ಯಪುರಂನಲ್ಲಿ ಇದೇನು ಹೊಸದಲ್ಲ. ಆದರೆ ಚೆಲ್ಲಿದವನ ಕೈ ಪಳಗಿತ್ತೋ ಏನೋ, ನಮ್ಮ ಗೇಟಿನಿಂದ ಪಕ್ಕದ ಮನೆಯ ಗೇಟಿನವರೆಗೆ ದಾರ ಹಿಡಿದು ಎಳೆದಂತೆ ಒಂದು ಬಿಳಿ ಗೆರೆ ಬಿದ್ದಿತ್ತು. ಸಂಜೆ ಬೀದಿಯ ಇಬ್ಬರು ಹುಡುಗಿಯರು ಅದನ್ನೇ ಗಡಿ ಮಾಡಿಕೊಂಡು ಆಡುತ್ತಿದ್ದರು. ಚೆಂಡು ಉರುಳಿಕೊಂಡು ನನ್ನ ಕುರ್ಚಿಯ ಕಾಲಿಗೆ ಬಂದು ನಿಂತಿತು. ಎತ್ತಿಕೊಂಡೆ. ಒಂದು ಮಗ್ಗುಲಿಗೆ ಸುಣ್ಣ ಹತ್ತಿತ್ತು. ಆ ಒಣ ವಾಸನೆ ಮೂಗಿಗೆ ಬಡಿಯಿತು...

"ತಾತ, ಇನ್ನಾ, ಔಟಾ, ಹೇಳಿ" ಎಂದಳು ಒಬ್ಬಳು.

ಚೆಂಡು ಹಿಡಿದುಕೊಂಡೇ ಕೂತಿದ್ದೆ.

ತೊಂಬತ್ತರ ದಶಕದಲ್ಲಿ ನಾನು ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದೆ. ಓದು ಎಸ್ಸೆಸ್ಸೆಲ್ಸಿಗೇ ನಿಂತಿತ್ತು. ಹರೆಯದಲ್ಲಿ ಕಾರ್ಖಾನೆಯ ತಂಡಕ್ಕೆ ವಾಲಿಬಾಲ್ ಆಡಿದ್ದೆ. ಮಂಡಿ ಕೆಟ್ಟ ಮೇಲೆ ಸಂಜೆ ಹೊತ್ತು ಬಡಾವಣೆಯ ಮೈದಾನದಲ್ಲಿ ಹುಡುಗಿಯರಿಗೆ ಹೇಳಿಕೊಡುತ್ತಿದ್ದೆ. ಅವರಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಯೂ ಒಬ್ಬಳು. ಅವಳ ಅಪ್ಪ ನರಸೀಪುರದ ಕಡೆಯ ಒಕ್ಕಲು ಮನೆತನದವರು, ಚಾಮರಾಜಪುರಂನಲ್ಲಿ ಸೈಕಲ್ ಶಾಪ್ ಇಟ್ಟಿದ್ದರು. ಅವಳು ನನ್ನನ್ನು ಮಾವ ಎನ್ನುತ್ತಿದ್ದಳು. ಅವಳಪ್ಪ ಮೇಷ್ಟ್ರೇ ಎನ್ನುತ್ತಿದ್ದರು. ಹಾಗೆ ಕರೆಸಿಕೊಳ್ಳುವಷ್ಟು ಓದಿದವನಲ್ಲ ನಾನು. ಆದರೂ ಕಿವಿಗೆ ಹಿತವಾಗಿತ್ತು.

ಉದ್ದನೆಯ ಹುಡುಗಿ. ಮಾತು ಕಡಿಮೆ, ನಗು ಜಾಸ್ತಿ. ಚೆಂಡು ತನ್ನ ಕಡೆ ಬರುತ್ತಿದೆ ಎಂದರೆ ಮೊದಲು ಒಂದು ಹೆಜ್ಜೆ ಹಿಂದೆ ಇಡುತ್ತಿದ್ದಳು, ದಾರಿ ಬಿಟ್ಟುಕೊಡುವವರ ಹಾಗೆ. ಆಮೇಲೆ ಎಲ್ಲಿಂದಲೋ ಎದ್ದು ಹೊಡೆಯುತ್ತಿದ್ದಳು. ನಮ್ಮ ಚೆಂಡಿನ ಬ್ಲಾಡರಿಗೆ ಪಂಕ್ಚರ್ ಹಾಕುತ್ತಿದ್ದದ್ದು, ಗಾಳಿ ತುಂಬುತ್ತಿದ್ದದ್ದು ಅವಳ ಅಪ್ಪನೇ. ಪಂಪು ಒತ್ತುತ್ತಾ, "ನೋಡ್ತಿರಿ ಮೇಷ್ಟ್ರೇ, ನಮ್ಮಂಗ್ಡಿ ಗಾಳಿ ಒಂದಿನ ಫಾರಿನ್ನಿಗೆ ಹೋಯ್ತದೆ" ಎನ್ನುತ್ತಿದ್ದರು.

ನನಗೆ ಇಂಗ್ಲಿಷಿನಲ್ಲಿ ಹೇಳಿಕೊಡಲು ಬರುತ್ತಿರಲಿಲ್ಲ. ಹಾಗಾಗಿ ನಮ್ಮ ಮೈದಾನದಲ್ಲಿ ಮನೆಮಾತೇ ನಡೆಯುತ್ತಿತ್ತು. ಚೆಂಡನ್ನು ಮೇಲೆತ್ತಿ ಕೊಡಬೇಕಾದರೆ 'ಎತ್ತು'. ಹೊಡೆಯಬೇಕಾದರೆ 'ಇಕ್ಕು'. ಗೆರೆ ದಾಟಿ ಹೋಗುತ್ತಿದೆ, ಮುಟ್ಟಬೇಡ ಎನ್ನುವುದಕ್ಕೆ 'ಬುಡು'. ನಮ್ಮ ಕಡೆ 'ಒಂದೇಟು ಬುಡು' ಎಂದೂ ಹೇಳುತ್ತೇವೆ, ಆಗ ಬುಡು ಎಂದರೆ ಬಾರಿಸು ಎಂದೇ ಅರ್ಥ. ಆದರೆ ಮೈದಾನದಲ್ಲಿ ಆ ಗೊಂದಲ ಇರಲಿಲ್ಲ. ವರ್ಷಗಟ್ಟಲೆ ಕೂಗಿ ಕೂಗಿ ಹುಡುಗಿಯರ ಮೈಗೆ ಹತ್ತಿಸಿದ್ದೆ. ಬುಡು ಎಂದರೆ ಕೈ ಹಿಂದಕ್ಕೆ, ಅಷ್ಟೆ.

ಆ ವರ್ಷ ಅಂತರರಾಷ್ಟ್ರೀಯ ಜೂನಿಯರ್ ಮಹಿಳಾ ವಾಲಿಬಾಲ್ ಚಾಂಪಿಯನ್‌ಷಿಪ್‌ಗೆ ಭಾರತದ ತಂಡ ಕಟ್ಟಲು ಶಿಬಿರ ನಡೆಯುವುದಿತ್ತು. ಶಿಬಿರಕ್ಕೆ ನಮ್ಮ ಭಾಗದಿಂದ ಒಬ್ಬ ಹುಡುಗಿಯನ್ನು ಆರಿಸಲು ಮೈಸೂರಿನ ಒಂದು ಕಾಲೇಜು ಮೈದಾನದಲ್ಲಿ ಪಂದ್ಯ ಆಡಿಸಿದರು. ನಮ್ಮ ಹುಡುಗಿಯರಿಗೂ ಇನ್ನೊಂದು ಜಿಲ್ಲೆಯ ಹುಡುಗಿಯರಿಗೂ. ಇದು ತಪ್ಪಿದರೆ ಮುಂದಿನ ಚಾಂಪಿಯನ್‌ಷಿಪ್ ಹೊತ್ತಿಗೆ ನಮ್ಮ ಹುಡುಗಿಗೆ ಜೂನಿಯರ್ ವಯಸ್ಸು ದಾಟಿಹೋಗುತ್ತಿತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಇನ್ನೊಂದು ವಿಷಯ ನನಗೆ ಮಾತ್ರ ಗೊತ್ತಿತ್ತು. ಶಿಬಿರಕ್ಕೆ ಸಹಾಯಕ ಕೋಚ್ ಆಗಿ ಇಲ್ಲಿಯ ಒಬ್ಬರನ್ನು ಕರೆದುಕೊಳ್ಳುತ್ತಾರೆ, ನನ್ನ ಹೆಸರಿದೆ ಎಂದು ಯಾರೋ ಕಿವಿಗೆ ಹಾಕಿದ್ದರು.

ಅವಳು ಅವತ್ತು ಆಡಿದ ಹಾಗೆ ಆಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆರಿಸಲು ಬಂದಿದ್ದ ಮೇಡಂ ಧಾರವಾಡದ ಕಡೆಯವರು, ಹಿಂದೆ ತಾವೂ ಆಡಿದವರು. ಎರಡು ಸಲ ನನ್ನ ಕಡೆ ತಿರುಗಿ ತಲೆದೂಗಿದರು. ಕೊನೆಯ ಆಟ, ಕೊನೆಯ ಹೊತ್ತು. ಆಚೆಯಿಂದ ಚೆಂಡು ಎತ್ತರಕ್ಕೆ ಎದ್ದು ನಮ್ಮ ಹಿಂದಿನ ಗೆರೆಯ ಕಡೆಗೆ ತೇಲಿ ಬಂತು. ಅವಳು ಅಲ್ಲೇ ಇದ್ದಳು. ಎಂದಿನಂತೆ ಒಂದು ಹೆಜ್ಜೆ ಹಿಂದೆ ಇಟ್ಟು ಕೈ ಎತ್ತಿದಳು. ಚೆಂಡು ಹೊರಗೆ ಹೋಗುತ್ತದೆ ಎಂದು ನನಗೆ ಅನ್ನಿಸಿತು. ಬೆಂಚಿನಿಂದ ಎದ್ದು, "ಬುಡೂ!" ಎಂದು ಕೂಗಿದೆ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಚೆಂಡು ಗೆರೆಯ ಮೇಲೆ ಬಿದ್ದು ಸುಣ್ಣ ಹಾರಿತು. ಗೆರೆ ಮುಟ್ಟಿದ ಚೆಂಡು ಒಳಗೆ ಬಿದ್ದ ಲೆಕ್ಕ.

ಆಟ ಮುಗಿಯಿತು, ಸೋತೆವು. ಚೆಂಡು ಉರುಳಿ ನನ್ನ ಹತ್ತಿರವೇ ಬಂತು. ಎತ್ತಿಕೊಂಡು ನೋಡಿದೆ. ಕೊಬ್ಬರಿ ಹೋಳಿನಷ್ಟು ಬಿಳಿ. ಪ್ಯಾಂಟಿಗೆ ಒರೆಸಿಬಿಟ್ಟೆ. ಯಾಕೆ ಒರೆಸಿದೆನೋ, ಅಷ್ಟು ಜನ ನೋಡಿಯಾಗಿತ್ತು.

ಮೇಡಂ ನೇರ ನನ್ನ ಹತ್ತಿರ ಬಂದರು. "ಏನ್ರೀ ಅದು, ಬುಡು ಅಂದ್ರ? ನಮ್ಮ ಕಡೆ ಬುಡ ಅಂದ್ರ ಗಿಡದ ಬುಡಾನ" ಎಂದು ನಕ್ಕರು. ನಗುತ್ತಲೇ ಕೇಳಿದರು. ನಾನೂ ನಕ್ಕು ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಗೆರೆಯ ಹತ್ತಿರದ ಚೆಂಡು ಎಂಥವರ ಕಣ್ಣಿಗೂ ಮೋಸ ಮಾಡುತ್ತದೆ. ಆದರೆ ನನ್ನ ಹಿಂದೆ ಡಿಪ್ಲೊಮಾ ಪಡೆದ ಬೇರೆ ಕೋಚುಗಳು ನಿಂತಿದ್ದರು. ಸ್ಟೋರ್ಸಿನವನಿಗೆ ಔಟು ಯಾವುದು, ಇನ್ ಯಾವುದು ಎಂದೇ ಗೊತ್ತಿಲ್ಲ ಎನ್ನುತ್ತಾರೆ ಎಂದು ಮೈ ಬಿಸಿಯಾಯಿತು.

"ಬುಡು ಅಂದ್ರೆ ಹೊಡಿ ಅಂತ ಮೇಡಂ. ನಮ್ಮ ಕಡೆ ಏಟು ಬುಡು ಅಂತೀವಲ್ಲ, ಅಂಗೆ. ಹುಡ್ಗಿ ಗಾಬ್ರೀಲಿ ತಪ್ಪಾಗಿ ಕೇಳಿಸ್ಕೊಂಡ್ಳು" ಎಂದೆ.

ನಮ್ಮ ಹುಡುಗಿಯರೆಲ್ಲ ಅಲ್ಲೇ ನೀರು ಕುಡಿಯುತ್ತಾ ನಿಂತಿದ್ದರು. ಎಲ್ಲರಿಗೂ ಕೇಳಿಸಿತು. ಯಾರೂ ತಲೆ ಎತ್ತಲಿಲ್ಲ.

ಮೇಡಂ ಅವಳ ಕಡೆ ತಿರುಗಿದರು. "ಹೌದೇನವಾ?"

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಕೂಗು ಕೇಳಿಸದೆ, ಏನಂದಿರಿ ಮಾವ, ಎಂದು ಮೈದಾನದಲ್ಲಿ ತಿರುಗಿ ನೋಡುತ್ತಿದ್ದಳಲ್ಲ, ಹಾಗೆ. ಆಮೇಲೆ, "ಹೌದು ಮೇಡಂ. ನಾನೇ ತಪ್ ತಿಳ್ಕೊಂಡ್ಬುಟ್ಟೆ" ಎಂದಳು.

ಆಚೆ ತಂಡದ ಹುಡುಗಿಯನ್ನು ಆರಿಸಿದರು. ಮೇಡಂ ಹೋಗುವಾಗ ನನಗೆ ಹೇಳಿದರು: "ಆಟ ಭಾಳ ಚಲೋ ಐತ್ರೀ ನಿಮ್ಮ ಹುಡುಗೀದು. ಆದ್ರ ತನ್ನ ಕೋಚ್ ಮಾತಽ ಆಕಿಗೆ ತಿಳೀಲಿಲ್ಲಂದ್ರ, ಹೊರದೇಶದಾಗ ಹೆಂಗ?" ಅವಳನ್ನು ಕೈಬಿಟ್ಟಿದ್ದು ಒಂದು ಪಾಯಿಂಟು ಹೋದದ್ದಕ್ಕಲ್ಲ, ನಾನು ಕೊಟ್ಟ ಆ ಅರ್ಥಕ್ಕೆ. ಅದನ್ನು ಕೇಳಿಸಿಕೊಂಡೂ ನಾನು, ಹೌದು ಮೇಡಂ, ಎಂದೆ.

ಸಂಜೆ ಅವಳ ಅಪ್ಪ ನಮ್ಮ ಮನೆಗೆ ಬಂದರು. ನಾನು ಎದ್ದು ನಿಂತೆ. ಅವರು ಬೈಯಲು ಬಂದಿರಲಿಲ್ಲ. "ನೀವು ಅಷ್ಟು ಕಷ್ಟಪಟ್ಟು ಹೇಳ್ಕೊಟ್ರಿ. ನಮ್ ಕಿವುಡಿ ಕೆಡಿಸ್ಬುಟ್ಲು. ಮನ್ಸಿಗೆ ಹಾಕ್ಕೋಬೇಡಿ ಮೇಷ್ಟ್ರೇ" ಎಂದರು. ನನ್ನ ಹೆಂಡತಿ ಕಾಫಿ ಕೊಟ್ಟಳು. ಇಬ್ಬರೂ ಕುಡಿದೆವು.

ಶಿಬಿರಕ್ಕೆ ನನ್ನನ್ನು ಕರೆದರು. ಹೋಗಿ ಚೆಂಡು ಹೆಕ್ಕಿ ಕೊಟ್ಟು, ನೆಟ್ ಕಟ್ಟಿ ಬಂದೆ. ಒಂದು ನೀಲಿ ಟ್ರ್ಯಾಕ್‌ಸೂಟ್ ಕೊಟ್ಟರು. ಅದನ್ನು ಹಾಕಿಕೊಂಡು ಬೀದಿಯಲ್ಲಿ ಓಡಾಡಿದ್ದೂ ಉಂಟು... ಅವಳು ಮೈದಾನಕ್ಕೆ ಬರುವುದನ್ನು ನಿಲ್ಲಿಸಿದಳು. ಕಿವುಡಿ ಎನ್ನುವುದು ಅವಳಪ್ಪನ ಬಾಯಲ್ಲಿ ಮುದ್ದಿನ ಮಾತಾಗಿ ಉಳಿಯಿತು, ಬೀದಿಯವರೂ ಕಲಿತರು. ಮದುವೆಯಾಗಿ ಹೊರಡುವಾಗಲೂ ಯಾರೋ, "ಗಂಡ ಕರೆದ್ರೆ ಕೇಳಿಸ್ಕೊಳೇ ಕಿವುಡಿ" ಎಂದು ರೇಗಿಸಿದರು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಮ್ಮೆ ಲಷ್ಕರ್ ಮೊಹಲ್ಲಾದಲ್ಲಿ ಸಿಕ್ಕಳು. ನಾನು ಮಿಕ್ಸಿ ರಿಪೇರಿಗೆ ಹೋಗಿದ್ದೆ. ಅಂಗಡಿಯ ಟೀವಿಯಲ್ಲಿ ಯಾವುದೋ ದೇಶದಲ್ಲಿ ನಡೆಯುತ್ತಿದ್ದ ಜೂನಿಯರ್ ಹುಡುಗಿಯರ ಚಾಂಪಿಯನ್‌ಷಿಪ್ ಬರುತ್ತಿತ್ತು. ಮಗಳ ಕೈ ಹಿಡಿದುಕೊಂಡು ಅವಳು ಫುಟ್‌ಪಾತಿನಲ್ಲೇ ನಿಂತು ನೋಡುತ್ತಿದ್ದಳು. ನಾನೂ ಪಕ್ಕದಲ್ಲಿ ನಿಂತೆ. ಪರದೆಯ ಮೇಲೆ ಒಬ್ಬ ಹುಡುಗಿ ಚೆಂಡು ಹೊರಗೆ ಹೋಗುತ್ತದೆಂದು ಬಿಟ್ಟಳು. ಅದು ಒಳಗೆ ಬಿತ್ತು.

"ನೋಡಿ ಮಾವ, ಅವ್ಳಿಗೂ ಯಾರೋ ಬುಡು ಅಂದ್ಬುಟ್ರು" ಎಂದು ಅವಳು ಜೋರಾಗಿ ನಕ್ಕಳು.

"ಟೀ ಕುಡೀತೀಯೇನಮ್ಮ?" ಎಂದೆ.

"ಬೇಡ ಮಾವ, ಬಸ್ಸಿಗೆ ಹೊತ್ತಾಯ್ತದೆ" ಎಂದು ಹೊರಟವಳು ತಿರುಗಿ ಬಂದಳು. ಈಗ ನಗುತ್ತಿರಲಿಲ್ಲ. "ಬೇರೆ ಯಾರ್ಗೂ ಬೇಡ. ಅಪ್ಪಂಗೆ ಒಂದ್ಸಲ ಹೇಳ್ಬುಡಿ ಮಾವ, ನನ್ ಕಿವಿ ಸರ್ಯಾಗೇ ಇತ್ತು ಅಂತ. ನಾನ್ ಹೇಳುದ್ರೆ ನಂಬಕಿಲ್ಲ. ಮೇಷ್ಟ್ರು ಸುಳ್ ಹೇಳ್ತಾರಾ ಅಂತಾರೆ."

ಹೇಳುತ್ತೇನೆ ಎಂದೆ. ಹೇಳಬೇಕೆಂದೇ ಸೈಕಲ್ ತಳ್ಳಿಕೊಂಡು ಎಷ್ಟೋ ಸಲ ಆ ಅಂಗಡಿಗೆ ಹೋದೆ. ಗಾಳಿ ಇರುವ ಚಕ್ರಕ್ಕೇ ಗಾಳಿ ಹಾಕಿಸಿಕೊಂಡೆ. ಅವರು ಪಂಪು ಒತ್ತುತ್ತಾ, ಫಾರಿನ್ನಿಗೆ ಹೋಗದೆ ಉಳಿದ ಗಾಳಿಯ ಮಾತು ತೆಗೆದು ನಗುತ್ತಿದ್ದರು. "ಎಲ್ಲಾ ನಮ್ ಕಿವುಡಿಯಿಂದ" ಎನ್ನುತ್ತಿದ್ದರು. ಇವತ್ತು ಬೇಡ, ನಾಳೆ, ಎಂದುಕೊಂಡು ಬರುತ್ತಿದ್ದೆ. ಅವರ ಬಾಯಲ್ಲಿ ಮೇಷ್ಟ್ರೇ ಎನ್ನುವುದು ಆ ಮಾತಿನ ನಂತರವೂ ಉಳಿಯುತ್ತದೆಯೇ ಎಂಬುದೊಂದೇ ನನ್ನ ಯೋಚನೆ. ಒಂದು ದಿನ ಹೋದಾಗ ಅಂಗಡಿಯ ಬಾಗಿಲು ಹಾಕಿತ್ತು. ಅರ್ಧ ಗಂಟೆಯ ಹಿಂದೆ ಅಂಗಡಿಯಲ್ಲೇ ಎದೆನೋವು ಬಂದು ಹೋಗಿಬಿಟ್ಟರು ಎಂದು ಪಕ್ಕದ ಅಂಗಡಿಯವರು ಹೇಳಿದರು.

ತಿಥಿಯ ದಿನ ಊಟಕ್ಕೆ ಕೂರಿಸುತ್ತಿದ್ದಾಗ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಹೇಳಿದ್ರಾ ಮಾವ?"

"ಹೇಳ್ದೆ ಕಣಮ್ಮ" ಎಂದೆ. "ನಕ್ಬುಟ್ರು."

ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ನನ್ನ ಎಲೆಗೆ ತಾನೇ ಪಾಯಸ ತಂದು ಬಡಿಸಿದಳು.

ಅದೇ ಕೊನೆ. ಮನೆ ಮಾರಿದರು, ಅವಳ ಗಂಡನಿಗೆ ಎಲ್ಲಿಗೋ ವರ್ಗವಾಯಿತು. ಈಗ ಎಲ್ಲಿದ್ದಾಳೋ ತಿಳಿಯದು. ಮೊದಲ ಸುಳ್ಳು ನನ್ನ ಮಾನಕ್ಕಾಗಿ ಹೇಳಿದ್ದು. ಎರಡನೆಯದು ಅವಳ ಸಮಾಧಾನಕ್ಕಾಗಿ ಎಂದು ಬಹಳ ದಿನ ನಂಬಿಕೊಂಡಿದ್ದೆ. ಅದೂ ನನಗಾಗಿಯೇ. ಇದನ್ನು ಅವಳು ಓದಿದರೆ, ಆ ಪಾಯಸದ ಹೊತ್ತಿನ ನೆಮ್ಮದಿಯನ್ನೂ ಕಿತ್ತುಕೊಂಡ ಹಾಗಾಗುತ್ತದೆ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ ತಾಯಿ. ನಿಮ್ಮಪ್ಪನಿಗೆ ನಾನು ಹೇಳಲಿಲ್ಲ. ನಿನ್ನ ಕಿವಿ ಸರಿಯಾಗಿತ್ತು. ಬುಡು ಎಂದೆ, ಬಿಡು ಎಂದೇ ಹೇಳಿದೆ, ನೀನು ಬಿಟ್ಟೆ.

"ತಾತಾ! ನಿದ್ದೆ ಬಂತಾ? ಇನ್ನಾ, ಔಟಾ?"

ಚೆಂಡನ್ನು ತಿರುಗಿಸಿ ಸುಣ್ಣ ಹತ್ತಿದ ಮಗ್ಗುಲನ್ನು ಅವರಿಗೆ ತೋರಿಸಿದೆ. "ಇನ್ ಕಣ್ರಮ್ಮ. ಗೆರೆ ಮೇಲೇ ಬಿದ್ದದೆ."

"ಹೋಗಿ ತಾತ, ನಿಮ್ಗೆ ಕಣ್ಣೇ ಕಾಣ್ಸಲ್ಲ" ಎಂದು ಸೋತವಳು ಚೆಂಡು ಕಿತ್ತುಕೊಂಡು ಓಡಿದಳು. ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆ. ಅಂಗೈಗೆ ಹತ್ತಿದ ಸುಣ್ಣವನ್ನು ಈ ಸಲ ಒರೆಸಿಕೊಳ್ಳಲಿಲ್ಲ.