ಆರ್‌ಪಿಎಂ ಸಿಕ್ಕರೆ ಆರ್‌ಪಿಎಂ

ಆ ಸಾಲನ್ನು ಬರೆದದ್ದು ಯಾರು ಎಂಬುದು ನನಗೆ ಖಚಿತವಿಲ್ಲ. ವಯಸ್ಸಿನಲ್ಲೂ ಅನುಭವದಲ್ಲೂ ನನಗಿಂತ ಹಿರಿಯರಾದ ಸಹೋದ್ಯೋಗಿ ಎಂದೇ ಬಹಳ ವರ್ಷ ಹೇಳಿಕೊಂಡು ಬಂದೆ. ಹೇಳಿ ಹೇಳಿ ನೆನಪು ಗಟ್ಟಿಯಾಯಿತು. ಗಟ್ಟಿಯಾದದ್ದರಿಂದಲೇ ಈಗ ಅನುಮಾನ.

ಹೈದರಾಬಾದಿನಲ್ಲಿ ಐಟಿ ಭರಾಟೆಯ ಕಾಲ. ಹಿಮಾಯತ್‌ನಗರದ ಸೀರೆ ಅಂಗಡಿಯೊಂದರ ಮೇಲೆ ನಮ್ಮ ಕಂಪನಿ. ನಾನು ಪ್ರೊಬೇಷನ್ನಿನ ಕೊನೆಯ ವಾರದಲ್ಲಿದ್ದೆ. ನಮ್ಮ ತಂತ್ರಾಂಶಕ್ಕೆ ಪ್ಲಗಿನ್ ಎಂಬ ಹೆಚ್ಚುವರಿ ಸೌಲಭ್ಯ ಬೇಕೆಂದರೆ ಬಟನ್ ಒತ್ತಿದರೆ ಸಾಕು, ತಂತ್ರಾಂಶ ತಾನೇ ಅದರ ಪ್ಯಾಕೇಜು ಇಳಿಸಿ ಹಾಕಿಕೊಳ್ಳಬೇಕು. ಈ ಭಾಗದ ಕೋಡ್ ಮುಟ್ಟಿದವರು ನಾನು ಮತ್ತು ಆ ಸಹೋದ್ಯೋಗಿ, ಇಬ್ಬರೇ. ಲಿನಕ್ಸ್ ಕಂಪ್ಯೂಟರುಗಳಲ್ಲಿ ಕೆಲವಕ್ಕೆ ಆರ್‌ಪಿಎಂ ಪ್ಯಾಕೇಜು, ಕೆಲವಕ್ಕೆ ಡೆಬ್. ಒಂದರದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಯಾವುದೆಂದು ತೀರ್ಮಾನಿಸುತ್ತಿದ್ದದ್ದು ಕೋಡಿನ ಒಂದೇ ಸಾಲು: ಕಂಪ್ಯೂಟರಿನಲ್ಲಿ ಆರ್‌ಪಿಎಂ ಎಂಬ ಸಲಕರಣೆ ಸಿಕ್ಕರೆ ಆರ್‌ಪಿಎಂ, ಇಲ್ಲವಾದರೆ ಡೆಬ್.

ಉಪ್ಪಲ್‌ನ ಗ್ರಾಹಕರಲ್ಲಿ ಇದ್ದವೆಲ್ಲ ಡೆಬ್ ಕಂಪ್ಯೂಟರುಗಳು. ಅಲ್ಲಿನ ಅಡ್ಮಿನ್ ಶ್ರದ್ಧಾವಂತ. ಹಳೆಯ ಫೈಲು ಬಿಚ್ಚಲು ಬೇಕಾದೀತೆಂದು ಎಲ್ಲದರಲ್ಲೂ ಆರ್‌ಪಿಎಂ ಸಲಕರಣೆಯನ್ನೂ ಹಾಕಿಟ್ಟಿದ್ದ. ನಮ್ಮ ತಂತ್ರಾಂಶ ಪ್ರತಿಯೊಂದಕ್ಕೂ ತಪ್ಪು ಪ್ಯಾಕೇಜು ತುರುಕಿ 'ಯಶಸ್ವಿ' ಎಂದು ತೋರಿಸಿತು. ಪ್ಲಗಿನ್ ಎಲ್ಲೂ ತೆರೆಯಲಿಲ್ಲ.

ಮೈಸೂರಿನವರಾದ ಮ್ಯಾನೇಜರ್ ಇಬ್ಬರನ್ನೂ ಕರೆಸಿದರು. ಪ್ರೊಬೇಷನ್ನಿನಲ್ಲಿ ಇಷ್ಟು ದೊಡ್ಡ ತಪ್ಪು ಮಾಡಿದವರನ್ನು ಅಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ; ಅನುಭವಿಯೆಂದು ಸಹೋದ್ಯೋಗಿಗೆ ಪ್ರೊಬೇಷನ್ ಇರಲಿಲ್ಲ.

"ಯಾರ್ರೀ ಇದನ್ನ ಬರೆದಿದ್ದು?"

ನಾನು ಬಾಯಿ ತೆರೆದೆನೋ ಇಲ್ಲವೋ ನೆನಪಿಲ್ಲ. ರಾಯಚೂರಿನವರಾದ ನನ್ನ ಸಹೋದ್ಯೋಗಿ ಹೇಳಿದರು: "ನಂದೇ ರಿ ಸರ್. ಗಡಿಬಿಡಿಯೊಳಗ ಆಗೇತಿ."

ಕೆಳಗೆ ಚಹಾ ಕುಡಿಯುವಾಗ ನನಗೆ ಹೇಳಿದರು: "ಏನೇನು ಸಾಮಾನು ಐತಿ ಅಂತ ನೋಡಬಾರದೋ ತಮ್ಮಾ. 'ನೀ ಯಾವ ಸಿಸ್ಟಮ್' ಅಂತ ಕಂಪ್ಯೂಟರನ್ನೇ ಕೇಳಬೇಕು. ನಿನ್ನ ರೂಮಿನಾಗ ಉರ್ದು ಪೇಪರ್ ಐತಿ. ನಿನಗ ಉರ್ದು ಓದಾಕ ಬರತೈತೇನು?"

"ಅದು ಕಪಾಟಿಗೆ ಹಾಸಿದ್ದು."

"ಮತ್ತ?"

ಅದು ನನಗೆ ಹೇಳಿದ ಬುದ್ಧಿಯೋ, ತಮ್ಮನ್ನೇ ಬೈದುಕೊಂಡದ್ದೋ, ನಾನು ವಿಚಾರಿಸಲಿಲ್ಲ. ಆ ವಾರ ನನ್ನ ಕೆಲಸ ಖಾಯಂ ಆಯಿತು. ಅವರನ್ನು ಟೆಸ್ಟಿಂಗ್ ತಂಡಕ್ಕೆ ಹಾಕಿದರು. ವರ್ಷದೊಳಗೆ ಬಿಟ್ಟು ಹೋದರು.

ಈಚೆಗೆ ಒಂದು ಹಳೆಯ ಸೀಡಿಯಲ್ಲಿ ಆ ಕೋಡ್ ಸಿಕ್ಕಿತು, ಬದಲಾವಣೆಗಳ ಪಟ್ಟಿಯ ಸಮೇತ. ಪಟ್ಟಿಯಲ್ಲಿ ಹೆಸರುಗಳಿಲ್ಲ, ತಾರೀಖುಗಳಿವೆ. ಅವರು ಕೆಲಸಕ್ಕೆ ಸೇರಿದ ದಿನ ಎಲ್ಲರಿಗೂ ಬಂದಿದ್ದ ಸ್ವಾಗತದ ಮೇಲ್ ಹುಡುಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅವರು ಕಂಪನಿಗೆ ಬಂದದ್ದು ಆ ಸಾಲು ಕೋಡಿಗೆ ಸೇರಿ ಎರಡು ವಾರವಾದ ಮೇಲೆ.